ತುಕ್ಕಿಗೆ ತಿಂಗಳು ಸಾಕು, ಶಾರ್ಕ್‌ಗೆ ಹದಿನೈದು ವರ್ಷ ಬೇಕು

2013ರ ಜನವರಿಯಲ್ಲಿ ಕೋಸ್ಟರಿಕಾ ಸರ್ಕಾರ ದೇಶದ ಕಾಫಿ ತೋಟಗಳಿಗಾಗಿ ತುರ್ತುಸ್ಥಿತಿ ಘೋಷಿಸಿತು. ಕಾರಣ, ಎಲೆಯ ಅಡಿಯಲ್ಲಿ ಕೂರುವ ಕೇಸರಿ ಬಣ್ಣದ ಪುಡಿ. ನಮ್ಮ ಮಲೆನಾಡಿನವರಿಗೆ ಚೆನ್ನಾಗಿ ಗೊತ್ತಿರುವ ಎಲೆ ತುಕ್ಕು ರೋಗ. ಆಸುಪಾಸಿನ ಗ್ವಾಟೆಮಾಲಾ, ಹೊಂಡುರಾಸ್ ಕೂಡ ಅದೇ ಹೊತ್ತಿಗೆ ತುರ್ತುಸ್ಥಿತಿ ಸಾರಿದವು.

ಎರಡು ತಿಂಗಳು ಕಳೆಯಿತು. ಮಾರ್ಚ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಸೈಟಿಸ್ ಸಭೆ ಸೇರಿತು. ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ ಅದು. ಅಲ್ಲಿ ಸುತ್ತಿಗೆ ತಲೆಯ ಶಾರ್ಕ್‌ಗಳನ್ನು ರಕ್ಷಣೆಯ ಪಟ್ಟಿಗೆ ಸೇರಿಸಿ ಎಂದು ಕೇಳಿದ ದೇಶಗಳಲ್ಲಿ ಕೋಸ್ಟರಿಕಾ ಒಂದು, ಹೊಂಡುರಾಸ್ ಮತ್ತೊಂದು. ಕೊಲಂಬಿಯಾ, ಬ್ರೆಜಿಲ್, ಮೆಕ್ಸಿಕೊ, ಈಕ್ವೆಡಾರ್ ಕೂಡ ಜೊತೆಗಿದ್ದವು. ಈ ಆರೂ ಕಾಫಿ ಬೆಳೆಯುವ ದೇಶಗಳೇ. ಪ್ರಸ್ತಾವ ಪಾಸಾಯಿತು.

ಒಂದೇ ಸರ್ಕಾರ, ಒಂದೇ ವರ್ಷ, ಎರಡು ಜೀವಿ. ಒಂದನ್ನು ಹೇಗಾದರೂ ಕೊಲ್ಲಬೇಕು, ಇನ್ನೊಂದನ್ನು ಹೇಗಾದರೂ ಉಳಿಸಬೇಕು. ಇವತ್ತಿನ ಸ್ಥಿತಿ ನೋಡಿದರೆ ಎರಡೂ ಆಗಿಲ್ಲ. ತುಕ್ಕು ಇನ್ನೂ ಅಲ್ಲೇ ಇದೆ. 2020ರಲ್ಲಿ ಅದುವರೆಗೆ ತಪ್ಪಿಸಿಕೊಂಡಿದ್ದ ಹವಾಯಿಗೂ ಹೋಗಿ ಕೂತಿತು. ಆ ಶಾರ್ಕ್‌ನ ಮುಖ್ಯ ಜಾತಿಯಾದ ಸ್ಫಿರ್ನಾ ಲುವಿನಿಯನ್ನು 2019ರಲ್ಲಿ ಜೀವಿಗಳ ಅಳಿವಿನ ಅಪಾಯ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ 'ತೀವ್ರ ಅಪಾಯದಲ್ಲಿದೆ' ಎಂಬ ದರ್ಜೆಗೆ ಇಳಿಸಿತು. ಅದರ ಕೆಳಗೆ ಉಳಿದಿರುವುದು ಕಾಡಿನಿಂದಲೇ, ಕಡಲಿನಿಂದಲೇ ಅಳಿದುಹೋದವುಗಳ ಪಟ್ಟಿ.

ಶಾರ್ಕ್‌ಗೂ ಶಿಲೀಂಧ್ರಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ ಅಂತ ಅನ್ನಿಸಬಹುದು. ಹೋಲಿಸಿ ನೋಡಿದರೆ ಒಂದು ವಿಷಯ ತಿಳಿಯುತ್ತದೆ. ಎರಡೂ ಕಡೆ ನಾವು ಎಡವುತ್ತಿರುವುದು ಒಂದೇ ಲೆಕ್ಕದಲ್ಲಿ. ಎಷ್ಟು ಸಾಯುತ್ತವೆ ಎಂದು ಎಣಿಸುತ್ತೇವೆ. ಸತ್ತ ಜಾಗ ಎಷ್ಟು ದಿನಕ್ಕೆ ಮತ್ತೆ ತುಂಬುತ್ತದೆ ಎಂದು ಕೇಳುವುದಿಲ್ಲ.

ಅಂದಹಾಗೆ, ಇವೆರಡೂ ತೀರಾ ಅಪರಿಚಿತರೂ ಅಲ್ಲ. ಶಿಲೀಂಧ್ರ ಅಂದ ಕೂಡಲೇ ನಮಗೆ ಗಿಡದ ಸಂಬಂಧಿ ಅನ್ನಿಸುತ್ತದೆ, ಅಲ್ವಾ? ಶಾಲೆಯಲ್ಲಿ ಅಣಬೆಯ ಪಾಠ ಸಸ್ಯಶಾಸ್ತ್ರದ ಪುಸ್ತಕದಲ್ಲೇ ಇರುತ್ತಿತ್ತು. ಆದರೆ ವಂಶವೃಕ್ಷದಲ್ಲಿ ಶಿಲೀಂಧ್ರಗಳು ಪ್ರಾಣಿಗಳಿಗೇ ಹತ್ತಿರ. ಸುಮಾರು ನೂರು ಕೋಟಿ ವರ್ಷಗಳ ಹಿಂದೆ ಇವೆರಡರ ದಾರಿ ಬೇರೆಯಾಯಿತು. ಗಿಡಗಳ ಕವಲು ಅದಕ್ಕೂ ಮುಂಚೆಯೇ ಬೇರೆಯಾಗಿತ್ತು. ಅಂದರೆ ಕಾಫಿ ಎಲೆಯ ಮೇಲೆ ಕೂತ ತುಕ್ಕು, ತಾನು ತಿನ್ನುತ್ತಿರುವ ಕಾಫಿ ಗಿಡಕ್ಕಿಂತ ಮಲ್ಪೆಯ ಕಡಲಿನ ತಾಟೆಗೇ, ಅಂದರೆ ಶಾರ್ಕ್‌ಗೇ, ಹತ್ತಿರದ ನೆಂಟ!

ಎಲೆ ತಿರುಗಿಸಿ ನೋಡಿದರೆ

ತುಕ್ಕು ಹಿಡಿದ ಅರೇಬಿಕಾ ಎಲೆಯ ಮೇಲ್ಭಾಗದಲ್ಲಿ ಮೊದಲು ಕಾಣುವುದು ಮಬ್ಬು ಹಳದಿ ಚುಕ್ಕೆ. ಎಣ್ಣೆ ತಾಗಿದ ಹಾಗೆ. ಎಲೆ ಮಗುಚಿದರೆ ಅದೇ ಜಾಗದಲ್ಲಿ ಕೇಸರಿ ಪುಡಿ. ಹೆಬ್ಬೆರಳಿನಲ್ಲಿ ಒರೆಸಿದರೆ ಬೆರಳಿಗೆ ಬಣ್ಣ ಹತ್ತುತ್ತದೆ. ಆ ಪುಡಿಯ ಒಂದೊಂದು ಕಣವೂ ಒಂದು ಬೀಜಾಣು. ಹೆಮಿಲಿಯಾ ವ್ಯಾಸ್ಟಾಟ್ರಿಕ್ಸ್ ಎಂಬ ಶಿಲೀಂಧ್ರದ ಬೀಜಾಣು.

ಇದಕ್ಕೆ ಬೇಕಾಗಿರುವುದು ಸ್ವಲ್ಪವೇ. ಎಲೆಯ ಅಡಿಯಲ್ಲಿ ಒಂದು ಹನಿ ನೀರು ಒಂದೆರಡು ದಿನ ಆರದೆ ಇರಬೇಕು. ಬಿಸಿಲೂ ಅಲ್ಲದ ಚಳಿಯೂ ಅಲ್ಲದ 22 ಡಿಗ್ರಿ ಆಸುಪಾಸಿನ ಹವೆ ಸಿಗಬೇಕು. ಬೀಜಾಣು ಮೊಳೆತು, ಎಲೆಯಡಿಯ ಉಸಿರಾಟದ ರಂಧ್ರ ಹುಡುಕಿ ಒಳಗೆ ಇಳಿಯುತ್ತದೆ. ಆಮೇಲೆ ಮೂರರಿಂದ ಆರು ವಾರ ಹೊರಗೆ ಏನೂ ಕಾಣುವುದಿಲ್ಲ. ಗಿಡದ ಜೀವಕೋಶಗಳನ್ನು ಕೊಲ್ಲದೆ, ಅವುಗಳಿಂದಲೇ ಊಟ ಹೀರಿಕೊಂಡು ಒಳಗೆ ಹರಡುತ್ತದೆ. ಜೀವ ಇರುವ ಕಾಫಿ ಎಲೆ ಬಿಟ್ಟರೆ ಅದಕ್ಕೆ ಬೇರೆ ಬದುಕಿಲ್ಲ. ಸತ್ತ ಎಲೆಯ ಮೇಲೆ ಬೆಳೆಯಲಾರದು.

ನಂತರ ಪುಡಿ ಒಡೆಯುತ್ತದೆ. ಒಂದು ಚುಕ್ಕೆ ಮೂರರಿಂದ ಐದು ತಿಂಗಳ ಕಾಲ, ನಾಲ್ಕರಿಂದ ಆರು ಸಲ ಬೀಜಾಣು ಉದುರಿಸುತ್ತದೆ. ಒಟ್ಟು 3ರಿಂದ 4 ಲಕ್ಷ. ಒಂದು ಎಲೆಯದಲ್ಲ, ಒಂದೇ ಚುಕ್ಕೆಯದು. ಗಾಳಿಯಲ್ಲಿ, ಮಳೆ ಹನಿಯಲ್ಲಿ, ಕೆಲಸದವರ ಅಂಗಿಯಲ್ಲಿ ಅದು ಪ್ರಯಾಣ ಮಾಡುತ್ತದೆ. ಇದಕ್ಕೆ ಗಂಡು ಹೆಣ್ಣು ಸೇರುವ ಅಗತ್ಯವೂ ಇಲ್ಲ. ಒಂದರದ್ದೇ ಪಡಿಯಚ್ಚು ಇನ್ನೊಂದು.

ಸುಮ್ನೆ ಒಂದು ಲೆಕ್ಕ ಹಾಕೋಣ. ಉದಾಹರಣೆಗೆ ಅಷ್ಟೇ. 3 ಲಕ್ಷ ಬೀಜಾಣುವಿನಲ್ಲಿ 10,000ಕ್ಕೆ ಒಂದು ಮಾತ್ರ ಯಶಸ್ವಿಯಾಯಿತು ಅನ್ನಿ. ಒಂದು ಚುಕ್ಕೆ 30 ಚುಕ್ಕೆಯಾಯಿತು. ಸುಮಾರು ಒಂದೂವರೆ ತಿಂಗಳ ಎರಡನೇ ಸುತ್ತಿಗೆ 900. ಮೂರನೇ ಸುತ್ತಿಗೆ 27,000. ಈಗ ಔಷಧಿ ಹೊಡೆದು ಹತ್ತರಲ್ಲಿ ಒಂಬತ್ತನ್ನು ಕೊಂದೆವು. ದೊಡ್ಡ ಗೆಲುವು ಅನ್ನಿಸುತ್ತದೆ. ಉಳಿದದ್ದು 2,700. ಇನ್ನೊಂದೇ ಸುತ್ತಿನಲ್ಲಿ ಅದು 81,000. ನೂರಕ್ಕೆ 90 ಕೊಂದರೂ ಸಿಕ್ಕಿದ ಬಿಡುವು ಒಂದೂವರೆ ತಿಂಗಳಿಗಿಂತ ಕಡಿಮೆ.

ಅದಕ್ಕೇ ಬೋರ್ಡೋ ದ್ರಾವಣವನ್ನು ರೋಗ ಬಂದ ಮೇಲಲ್ಲ, ಬರುವ ಮುಂಚೆಯೇ ಹೊಡೆಯುವುದು. ಮೈಲುತುತ್ತ, ಸುಣ್ಣ ಬೆರೆಸಿದ ಆ ನೀಲಿ ದ್ರಾವಣ ಎಲೆಯ ಒಳಗೆ ಇಳಿಯುವುದಿಲ್ಲ. ಹೊರಗೆ ಪದರವಾಗಿ ಕೂತು, ಮೊಳೆಯುವ ಬೀಜಾಣುವನ್ನು ಬಾಗಿಲಲ್ಲೇ ತಡೆಯುತ್ತದೆ. ಅದಕ್ಕೇ ಅದನ್ನು ಎಲೆಯ ಅಡಿಗೆ ತಾಗುವ ಹಾಗೆ ಹೊಡೆಯಬೇಕು. ಮುಂಗಾರಿಗೆ ಮುಂಚೆ ಒಮ್ಮೆ, ಮಳೆ ಹಿಂದೆ ಸರಿದ ಮೇಲೆ ಒಮ್ಮೆ. ನಡುವೆ ಮಳೆ ಬಿಡದೆ ಹಿಡಿದುಕೊಂಡಿತೋ, ಸೆಪ್ಟೆಂಬರ್‌ನ ಸುತ್ತು ತಪ್ಪಿತು ಅಂತಲೇ ಲೆಕ್ಕ. ಒಳಗೆ ಇಳಿದು ಕೆಲಸ ಮಾಡುವ ಔಷಧಿಗಳೂ ಇವೆ. ಅವಕ್ಕೂ ಸಮಯವೇ ಮುಖ್ಯ.

ತಳಿ ತಂದೆವು, ತುಕ್ಕು ಕಲಿಯಿತು

ಈ ರೋಗ ಮೊದಲು ದೊಡ್ಡ ಸುದ್ದಿಯಾದದ್ದು ಸಿಲೋನಿನಲ್ಲಿ, 1869ರಲ್ಲಿ. ಆಗ ಅಲ್ಲಿಂದ ವರ್ಷಕ್ಕೆ ಸುಮಾರು 4.5 ಕೋಟಿ ಕಿಲೋ ಕಾಫಿ ರಫ್ತಾಗುತ್ತಿತ್ತು. 20 ವರ್ಷದಲ್ಲಿ ಅದು 23 ಲಕ್ಷ ಕಿಲೋಗೆ ಕುಸಿಯಿತು. ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ಯುವ ವಿಜ್ಞಾನಿಯನ್ನು 1880ರಲ್ಲಿ ಕಳಿಸಿದರು. ಆತ ರೋಗದ ಜೀವನಚಕ್ರ ಬಿಡಿಸಿಟ್ಟ. ಕಾಡು ಕಡಿದು ಗುಡ್ಡದ ನಂತರ ಗುಡ್ಡ ಒಂದೇ ಗಿಡ ನೆಟ್ಟಿದ್ದೇ ರೋಗಕ್ಕೆ ಅನುಕೂಲವಾಯಿತು ಎಂದೂ ಹೇಳಿದ. ಪ್ಲಾಂಟರ್‌ಗಳಿಗೆ ಬೇಕಿದ್ದದ್ದು ಮದ್ದು, ಆತ ಕೊಟ್ಟದ್ದು ಕಾರಣ. ಕೊನೆಗೆ ಅವರು ಕಾಫಿ ಕಿತ್ತು ಚಹಾ ನೆಟ್ಟರು.

ಮೈಸೂರು ಸೀಮೆ, ಕೊಡಗಿಗೂ ತುಕ್ಕು ಬರಲು ಜಾಸ್ತಿ ದಿನ ಹಿಡಿಯಲಿಲ್ಲ. ಇಲ್ಲಿ ಕಾಫಿ ಪೂರ್ತಿ ಹೋಗಲಿಲ್ಲ. ಮರದ ನೆರಳು ಇತ್ತು, ತಳಿ ಹುಡುಕುವ ಹಟವೂ ಇತ್ತು. 1911ರ ಸುಮಾರಿಗೆ ಕೆಂಟ್ ಎಂಬ ಪ್ಲಾಂಟರ್ ಮೈಸೂರಿನ ತನ್ನ ತೋಟದಲ್ಲಿ ತುಕ್ಕು ಹತ್ತದ ಗಿಡ ಗುರುತಿಸಿದ. 'ಕೆಂಟ್ಸ್' ಎಂದು ಎಲ್ಲರೂ ಅದನ್ನೇ ನೆಟ್ಟರು. ಕೆಲವೇ ವರ್ಷಗಳಲ್ಲಿ ಕೆಂಟ್ಸ್‌ಗೂ ತುಕ್ಕು ಹತ್ತಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿ ಡಬ್ಲ್ಯು. ಡಬ್ಲ್ಯು. ಮೇಯ್ನ್ 1930ರ ದಶಕದಲ್ಲಿ ಒಂದು ಮುಖ್ಯವಾದ ಸಂಗತಿ ಕಂಡುಕೊಂಡರು. ತುಕ್ಕು ಒಂದಲ್ಲ, ಅದರಲ್ಲೇ ಬೇರೆ ಬೇರೆ ಉಪತಳಿಗಳಿವೆ. ಒಂದಕ್ಕೆ ಸೋಲದ ಗಿಡ ಇನ್ನೊಂದಕ್ಕೆ ಸೋಲುತ್ತದೆ. ಕಾಫಿ ತುಕ್ಕಿನ ಬಗ್ಗೆ ಜಗತ್ತಿಗೇ ಇದು ಹೊಸ ಪಾಠ, ಅದು ಹುಟ್ಟಿದ್ದು ನಮ್ಮ ಮಲೆನಾಡಿನಲ್ಲಿ. ಇವತ್ತು 50ಕ್ಕೂ ಜಾಸ್ತಿ ಉಪತಳಿ ಗುರುತಾಗಿವೆ.

ಆಮೇಲಿನ ಕತೆ ಬೆಳೆಗಾರರಿಗೆ ಬಾಯಿಪಾಠ. 1940ರ ದಶಕದಲ್ಲಿ ಎಸ್.795 ಎಂಬ ತಳಿ ಬಂತು. 80ರ ದಶಕದಲ್ಲಿ ಕಾವೇರಿ ಬಂತು, ಅದೂ ಸೋತಿತು. 2007ರಲ್ಲಿ ಚಂದ್ರಗಿರಿ. ಕಾವೇರಿ, ಚಂದ್ರಗಿರಿ ಎರಡರ ಹಿಂದೆಯೂ ಇರುವುದು ಟಿಮೋರ್ ದ್ವೀಪದಲ್ಲಿ 1927ರಲ್ಲಿ ಸಿಕ್ಕ, ಅರೇಬಿಕಾ ಮತ್ತು ರೊಬಸ್ಟಾ ತಾನಾಗಿಯೇ ಕೂಡಿ ಹುಟ್ಟಿದ ಒಂದು ಗಿಡದ ವಂಶ. ಹೊಂಡುರಾಸ್‌ನ ಲೆಂಪಿರಾ ತಳಿಯೂ ಅದೇ ವಂಶದ್ದು. 2013ರ ಹೊಡೆತದ ನಂತರ 'ಇದು ನೆಟ್ಟರೆ ನಿಶ್ಚಿಂತೆ' ಎಂದು ಅಲ್ಲಿ ಅದನ್ನು ಹರಡಿದ್ದರು. 2017ರ ಹೊತ್ತಿಗೆ ಅದಕ್ಕೂ ತುಕ್ಕು ಹತ್ತಿತು. ಒಂದೇ ಬೀಗಕ್ಕೆ ಇಡೀ ಊರಿನ ಮನೆ ಒಪ್ಪಿಸಿದರೆ, ಕಳ್ಳನಿಗೆ ಕಲಿಯಬೇಕಾದ್ದು ಒಂದೇ ಕೀಲಿ.

ಕೊಲಂಬಿಯಾ ಸ್ವಲ್ಪ ಜಾಣತನ ತೋರಿಸಿತು. ಅಲ್ಲಿನ ಕಾಸ್ಟಿಯೊ ತಳಿ ಒಂದೇ ಗಿಡದ ವಂಶವಲ್ಲ, ನೋಡಲು ಒಂದೇ ತರಹದ ಹಲವು ವಂಶಗಳ ಮಿಶ್ರಣ. ಒಂದು ಸೋತರೂ ಪಕ್ಕದ್ದು ನಿಲ್ಲುತ್ತದೆ. 2008ರಿಂದ 2011ರ ನಡುವೆ ಕೊಲಂಬಿಯಾದ ಇಳುವರಿ ಸರಾಸರಿ ಶೇ. 31ರಷ್ಟು ಕುಸಿದಿತ್ತು. ಆ ಪೆಟ್ಟು ತಿಂದ ಮೇಲೆ ದೊಡ್ಡ ಪ್ರಮಾಣದಲ್ಲಿ ಮರುನಾಟಿ ಮಾಡಿದರು. ಮಧ್ಯ ಅಮೆರಿಕದ ನೆರೆಯವರಿಗೆ 2012ರಲ್ಲಿ ಪೆಟ್ಟು ಬೀಳುವಾಗ ಕೊಲಂಬಿಯಾ ಚೇತರಿಸಿಕೊಳ್ಳುತ್ತಿತ್ತು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಮಧ್ಯ ಅಮೆರಿಕಕ್ಕೆ ತುಕ್ಕು ಹೊಸದಲ್ಲ. ನಿಕರಾಗುವಾಕ್ಕೆ 1976ರಲ್ಲೇ ಬಂದಿತ್ತು, ಕೋಸ್ಟರಿಕಾಗೆ 1983ರಲ್ಲಿ. ಮೂವತ್ತು ವರ್ಷ ಸುಮ್ಮನಿದ್ದದ್ದು 2012ರಲ್ಲಿ ಯಾಕೆ ಎದ್ದು ಕೂತಿತು? ಹವಾಮಾನದ ಪಾಲಿದೆ. ರಾತ್ರಿಯ ಚಳಿ ಕಡಿಮೆಯಾಗಿ, ಹಗಲು ರಾತ್ರಿಯ ನಡುವಿನ ಅಂತರ ತಗ್ಗಿತು. ಎಲೆಯೊಳಗೆ ತುಕ್ಕು ಬಲಿಯುವ ಅವಧಿ ಕಿರಿದಾಯಿತು. ಆದರೆ ಅದಕ್ಕಿಂತ ನನಗೆ ಮುಖ್ಯ ಅನ್ನಿಸುವುದು ದುಡ್ಡಿನ ಪಾಲು. ಗೊಬ್ಬರದ ಬೆಲೆ ಏರಿ, ಕಾಫಿಯ ಲಾಭ ಇಳಿದ ವರ್ಷಗಳಲ್ಲಿ ಸಣ್ಣ ಬೆಳೆಗಾರ ಮೊದಲು ಬಿಡುವುದೇ ಔಷಧಿ, ಗೊಬ್ಬರ. ಸೊರಗಿದ ಗಿಡ, ಒಂದು ಸುತ್ತು ತಪ್ಪಿದ ಸಿಂಪರಣೆ. ತುಕ್ಕಿಗೆ ಇನ್ನೇನು ಬೇಕು? ಆ ಸೀಸನ್‌ನಲ್ಲಿ ಮಧ್ಯ ಅಮೆರಿಕದ ಇಳುವರಿ ಶೇ. 16ರಷ್ಟು ಬಿತ್ತು. ಲಕ್ಷಾಂತರ ಕೂಲಿಕಾರರಿಗೆ ಕೊಯ್ಲಿನ ಕೆಲಸ ಸಿಗಲಿಲ್ಲ.

ದಕ್ಕೆಯ ಬುಟ್ಟಿಯಲ್ಲಿ

ಈಗ ಘಟ್ಟ ಇಳಿದು ಕಡಲಿಗೆ ಬರೋಣ. ಶಾರ್ಕ್‌ಗೆ ತುಳುನಾಡಿನ ಕಡೆ ತಾಟೆ ಅಂತಾರೆ, ಕಾರವಾರದ ಕೊಂಕಣಿಯಲ್ಲಿ ಮೋರಿ. ಸುತ್ತಿಗೆ ತಲೆಯದ್ದನ್ನು ಗುರುತಿಸಲು ಪುಸ್ತಕ ಬೇಡ. ತಲೆ ಎರಡೂ ಬದಿಗೆ ಚಾಚಿಕೊಂಡು, ತುದಿಯಲ್ಲಿ ಒಂದೊಂದು ಕಣ್ಣು. ಸ್ಫಿರ್ನಾ ಲುವಿನಿ ಆದರೆ ತಲೆಯ ಮುಂದಿನ ಅಂಚಿನಲ್ಲಿ, ಸರಿಯಾಗಿ ನಡುವೆ ಒಂದು ಕಚ್ಚು ಇರುತ್ತದೆ. ಆ ಅಗಲ ತಲೆಯ ಅಡಿಯಲ್ಲಿ ವಿದ್ಯುತ್ತನ್ನು ಗ್ರಹಿಸುವ ಸಣ್ಣ ಸಣ್ಣ ರಂಧ್ರಗಳು. ಮರಳಿನಡಿ ಅವಿತ ತೊರಕೆ ಎಂಬ ಚಪ್ಪಟೆ ಮೀನಿನ ಮೈಯಿಂದ ಹೊರಡುವ ಸೂಕ್ಷ್ಮ ಮಿಡಿತವನ್ನೂ ಅವು ಹಿಡಿಯುತ್ತವೆ.

ಹುಟ್ಟುವಾಗಲೇ ಮರಿ 40ರಿಂದ 55 ಸೆಂಟಿಮೀಟರ್. ಮೊಳದುದ್ದ. ತಾಯಿ ಮೊಟ್ಟೆ ಇಡುವುದಿಲ್ಲ, ಹತ್ತಿರ ಹತ್ತಿರ ಒಂದು ವರ್ಷ ಹೊಟ್ಟೆಯಲ್ಲಿ ಹೊತ್ತು ಮರಿ ಹಾಕುತ್ತದೆ. ಒಂದು ಸೂಲಿಗೆ 12ರಿಂದ 40ರವರೆಗೆ. ಶಾರ್ಕ್‌ಗಳಲ್ಲಿ ಇದು ಜಾಸ್ತಿಯೇ. ಆದರೆ ಪಕ್ಕದ ಬುಟ್ಟಿಯ ಬೂತಾಯಿಗೆ ಹೋಲಿಸಿ. ಬೂತಾಯಿ ಒಂದೇ ವರ್ಷದಲ್ಲಿ ಪ್ರಾಯಕ್ಕೆ ಬಂದು ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ಸುತ್ತಿಗೆ ತಲೆಯ ಹೆಣ್ಣು ತಾಯಿಯಾಗಲು ಕೆಲವು ಕಡಲುಗಳಲ್ಲಿ 15 ವರ್ಷ ಬೇಕು. ಮೈ ಸುಮಾರು ಎರಡು ಮೀಟರ್ ಬೆಳೆಯಬೇಕು.

ಮತ್ತೆ ಕಾಗದದ ಮೇಲೆ ಒಂದು ಲೆಕ್ಕ. ಒಂದು ಸೂಲಿನಲ್ಲಿ 20 ಮರಿ, ಅದರಲ್ಲಿ 10 ಹೆಣ್ಣು. ವರ್ಷಕ್ಕೆ ನೂರರಲ್ಲಿ 90 ಬದುಕುತ್ತವೆ ಅನ್ನಿ. 15 ವರ್ಷ ಕಳೆದಾಗ ಆ ಹತ್ತರಲ್ಲಿ ಎರಡು ಉಳಿದು ತಾಯಿಯಾಗುತ್ತವೆ. ಈಗ ಬಲೆ ಸ್ವಲ್ಪ ಜಾಸ್ತಿ ಬಿತ್ತು. ನೂರರಲ್ಲಿ 90ರ ಬದಲು 80 ಬದುಕಿದವು. ನೋಡಲು ಸಣ್ಣ ವ್ಯತ್ಯಾಸ. 15 ವರ್ಷದ ಕೊನೆಗೆ ಹತ್ತರಲ್ಲಿ ಒಂದೂ ಉಳಿಯುವುದಿಲ್ಲ. ಮೂರು ಸೂಲು ಸೇರಿದರೆ ಒಂದು ತಾಯಿ. ತುಕ್ಕನ್ನು ನೂರಕ್ಕೆ 90 ಕೊಂದರೂ ಒಂದೂವರೆ ತಿಂಗಳಲ್ಲಿ ಹಿಂದಿನದಕ್ಕಿಂತ ಹೆಚ್ಚು. ಶಾರ್ಕ್‌ಗಳಲ್ಲಿ ನೂರಕ್ಕೆ ಇನ್ನು ಹತ್ತು ಹೆಚ್ಚು ಸತ್ತರೆ ಸಂತಾನವೇ ಬರಿದು. ಐಯುಸಿಎನ್ ಅಂದಾಜಿನಲ್ಲಿ ಈ ಜಾತಿ ಮೂರು ತಲೆಮಾರಿನಲ್ಲಿ ಜಗತ್ತಿನಾದ್ಯಂತ ಶೇ. 80ಕ್ಕಿಂತ ಹೆಚ್ಚು ಕುಸಿದಿದೆ. ಮೂರು ತಲೆಮಾರು ಅಂದರೆ ಇದಕ್ಕೆ 70 ವರ್ಷಕ್ಕೂ ಮೇಲೆ. ತುಕ್ಕು ಮೂರು ತಲೆಮಾರು ಕಳೆಯಲು ಒಂದು ಮಳೆಗಾಲ ಸಾಕು.

ಶಾರ್ಕ್ ಕೂಡ ತುಕ್ಕಿನ ಹಾಗೆ ಗಂಡಿಲ್ಲದೆ ಹುಟ್ಟಬಹುದೇ? ಹುಟ್ಟಿದ್ದುಂಟು. ಅಮೆರಿಕದ ನೆಬ್ರಾಸ್ಕಾದ ಒಂದು ಮೃಗಾಲಯದಲ್ಲಿ 2001ರಲ್ಲಿ, ಇದೇ ಕುಟುಂಬದ ಬಾನೆಟ್‌ಹೆಡ್ ಎಂಬ ಪುಟ್ಟ ಶಾರ್ಕ್ ಗಂಡಿನ ಸಹವಾಸವೇ ಇಲ್ಲದೆ ಒಂದು ಮರಿ ಹಾಕಿತು. ಮರಿಯಲ್ಲಿ ಅಪ್ಪನ ಅಂಶವೇ ಇಲ್ಲ ಎಂದು 2007ರಲ್ಲಿ ಡಿಎನ್‌ಎ ಪರೀಕ್ಷೆ ಹೇಳಿತು. ಕೌತುಕ ನಿಜ, ಆದರೆ ಇದರಿಂದ ಕಡಲು ತುಂಬುವುದಿಲ್ಲ.

ಇನ್ನೊಂದು ಸಂಕಟವಿದೆ. ಸುತ್ತಿಗೆ ತಲೆಯ ತಾಯಿ ಮರಿ ಹಾಕಲು ದಡದ ಹತ್ತಿರ, ಆಳವಿಲ್ಲದ ಕೆಸರು ನೀರಿಗೆ ಬರುತ್ತದೆ. ದೊಡ್ಡ ಶಾರ್ಕ್‌ಗಳು ಅಲ್ಲಿಗೆ ಬರುವುದಿಲ್ಲ, ಮರಿಗೆ ಊಟ ಸಿಗುತ್ತದೆ. ಲಕ್ಷಾಂತರ ವರ್ಷ ಇದು ಒಳ್ಳೆಯ ಉಪಾಯವೇ ಆಗಿತ್ತು. ಈಗ ಅದೇ ನೀರಿನಲ್ಲಿ ಸಿಗಡಿಗೆಂದು ಟ್ರಾಲ್ ಬಲೆ ಎಳೆಯುತ್ತೇವೆ. ಬೋಟು ತಂಗುವ ದಕ್ಕೆಯಲ್ಲಿ ಬಂಗುಡೆ, ಸಿಗಡಿ ಬೇರೆ ಮಾಡಿದ ಮೇಲೆ ಉಳಿಯುವ ರಾಶಿಯಲ್ಲಿ ಮೊಳದುದ್ದದ ತಾಟೆ ಮರಿ ಇದ್ದರೆ, ಅದಕ್ಕಾಗಿ ಯಾರೂ ಬಲೆ ಹಾಕಿರಲಿಲ್ಲ. ಅದಾಗಿ ಬಂದದ್ದು. ಮರಿ ತಾಟೆಯ ಮಾಂಸ ಮೃದು, ಬಾಣಂತಿಗೆ ಒಳ್ಳೇದು ಎಂಬ ನಂಬಿಕೆ ಪಶ್ಚಿಮ ಕರಾವಳಿಯ ಹಲವೆಡೆ ಇದೆ. ಹಾಗಾಗಿ ಅದು ಅಲ್ಲೇ ಮಾರಾಟವಾಗುತ್ತದೆ.

ಕಾನೂನು ತಲುಪುವುದು ಎಲ್ಲಿಗೆ

ಬ್ಯಾಂಕಾಕ್‌ನ ತೀರ್ಮಾನ ಜಾರಿಯಾದದ್ದು 2014ರ ಸೆಪ್ಟೆಂಬರ್‌ನಲ್ಲಿ. ಆ ಪಟ್ಟಿಗೆ ಸೇರಿದ ಪ್ರಾಣಿಯನ್ನು ಹಿಡಿಯಬಾರದು ಅಂತೇನಿಲ್ಲ. ಗಡಿ ದಾಟಿಸಬೇಕಾದರೆ 'ಇದರಿಂದ ಆ ಜಾತಿಗೆ ಹಾನಿಯಿಲ್ಲ' ಎಂಬ ಪ್ರಮಾಣಪತ್ರ ಬೇಕು, ಅಷ್ಟೇ. ರೆಕ್ಕೆಯ ವ್ಯಾಪಾರಕ್ಕೆ ಇದು ಸರಿಯಾದ ಅಸ್ತ್ರ. ಸುತ್ತಿಗೆ ತಲೆಯ ರೆಕ್ಕೆಗೆ ಪೂರ್ವ ಏಷ್ಯಾದ ಸೂಪಿನ ಮಾರುಕಟ್ಟೆಯಲ್ಲಿ ಒಳ್ಳೆ ಬೆಲೆ. ಭಾರತ 2013ರಲ್ಲಿ ರೆಕ್ಕೆ ಕತ್ತರಿಸಿ ಮೈ ಕಡಲಿಗೆ ಎಸೆಯುವುದನ್ನು ನಿಷೇಧಿಸಿತು. 2015ರಲ್ಲಿ ರೆಕ್ಕೆ ರಫ್ತನ್ನೇ ನಿಲ್ಲಿಸಿತು. ಇವೆಲ್ಲ ಸರಿಯೇ. ಆದರೆ ದಕ್ಕೆಯಿಂದ ಊರ ಸಂತೆಗೆ ಹೋಗುವ ಮರಿ ಯಾವ ಗಡಿಯನ್ನೂ ದಾಟುವುದಿಲ್ಲ. ಬ್ಯಾಂಕಾಕ್‌ನ ಕಾಗದ ಅದನ್ನು ಮುಟ್ಟುವುದಿಲ್ಲ.

ಹಾಗಾದರೆ ಪೂರ್ತಿ ನಿಷೇಧಿಸಿಬಿಡೋಣ ಅಂದರೆ, ಅದನ್ನೂ ನೋಡಿಯಾಗಿದೆ. 2001ರ ಜುಲೈನಲ್ಲಿ ಕೇಂದ್ರ ಸರ್ಕಾರ ಎಲ್ಲ ಶಾರ್ಕ್, ಎಲ್ಲ ತೊರಕೆಯನ್ನೂ ವನ್ಯಜೀವಿ ಕಾಯ್ದೆಯ ಅತಿ ಕಟ್ಟುನಿಟ್ಟಿನ ಅನುಸೂಚಿಗೆ ಸೇರಿಸಿತು. ಹುಲಿಗೆ ಸಿಗುವ ರಕ್ಷಣೆ. ಮೀನುಗಾರರು ಬೀದಿಗಿಳಿದರು. ಬಲೆಗೆ ತಾನಾಗಿ ಬಂದ ಮೀನಿಗೆ ಜೈಲೇ ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ಡಿಸೆಂಬರ್ ಹೊತ್ತಿಗೆ ಪಟ್ಟಿ 10 ಜಾತಿಗೆ ಇಳಿಯಿತು. ತಿಮಿಂಗಿಲ ಶಾರ್ಕ್ ಉಳಿಯಿತು, ಸುತ್ತಿಗೆ ತಲೆಯದ್ದು ಆಚೆ ಬಂತು. 2022ರ ತಿದ್ದುಪಡಿಯಲ್ಲಿ ಸೈಟಿಸ್ ಪಟ್ಟಿಯ ಜೀವಿಗಳಿಗೆಂದೇ ಬೇರೆ ಅನುಸೂಚಿ ಬಂದಿದೆ. ಅದರ ಮುಖ್ಯ ನೋಟವೂ ವ್ಯಾಪಾರದ ಕಡೆಗೇ.

ಕೋಸ್ಟರಿಕಾವೇ ಇದರಲ್ಲಿ ಎಷ್ಟು ನಿಧಾನವಾಗಿ ನಡೆಯಿತು ನೋಡಿ. ಜಗತ್ತಿಗೆ ಉಪದೇಶ ಮಾಡಿದ್ದು 2013ರಲ್ಲಿ. ಮರಿಗಳು ಬೆಳೆಯುವ ಗೊಲ್ಫೊ ಡುಲ್ಸೆ ಕೊಲ್ಲಿಯನ್ನು ಅಭಯಧಾಮ ಮಾಡಿದ್ದು 2018ರಲ್ಲಿ. ತನ್ನ ನೀರಿನಲ್ಲಿ ಸುತ್ತಿಗೆ ತಲೆಯ ಶಾರ್ಕ್ ಹಿಡಿಯುವುದನ್ನೇ ನಿಷೇಧಿಸಿದ್ದು 2023ರಲ್ಲಿ. ಪೂರ್ತಿ ಹತ್ತು ವರ್ಷ. ಇದೇ ಹತ್ತು ವರ್ಷ ತುಕ್ಕಿನ ವಿಷಯದಲ್ಲಿ ಸುಮ್ಮನೆ ಕೂತಿದ್ದರೆ ಅಲ್ಲಿ ಕಾಫಿ ಉಳಿಯುತ್ತಿತ್ತೇ? ತುಕ್ಕಿನ ನಷ್ಟ ಅದೇ ಸೀಸನ್‌ನಲ್ಲಿ ಕಣ್ಣಿಗೆ ಬೀಳುತ್ತದೆ, ಬೆಳೆಗಾರ ರಸ್ತೆಗಿಳಿಯುತ್ತಾನೆ. ಶಾರ್ಕ್‌ನ ನಷ್ಟ ಕಾಣುವುದು 15 ವರ್ಷದ ನಂತರ. ಅಷ್ಟು ಹೊತ್ತಿಗೆ ಮಂತ್ರಿ ಬದಲಾಗಿರುತ್ತಾರೆ. ಬ್ಯಾಂಕಾಕ್ ಸಭೆಯ ವರ್ಷ ಹುಟ್ಟಿದ ಹೆಣ್ಣು ಮರಿ ಬದುಕಿದ್ದರೆ, ಅದರ ಮೊದಲ ಸೂಲು 2028ರ ಸುಮಾರಿಗೆ. ಆ ತೀರ್ಮಾನ ಗೆದ್ದಿತೋ ಸೋತಿತೋ ಎಂದು ಹೇಳಲು ಶಾರ್ಕ್‌ನ ಕ್ಯಾಲೆಂಡರ್‌ನಲ್ಲಿ ಇನ್ನೂ ಸಮಯವೇ ಆಗಿಲ್ಲ.

ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ 61 ದಿನ ರಜೆ. ಮಳೆಗಾಲದಲ್ಲಿ ಮೊಟ್ಟೆ ಇಡುವ ಮೀನುಗಳಿಗೆ ಇದರಿಂದ ಉಪಕಾರವಿದೆ. ಆಗಸ್ಟ್‌ನಲ್ಲಿ ಬೋಟು ಇಳಿಸಿದಾಗ ಅದರ ಫಲ ಕೈಗೂ ಸಿಗುತ್ತದೆ. ತಾಟೆಗೆ? 61 ದಿನ ತಪ್ಪಿಸಿಕೊಂಡ ಮರಿ 62ನೇ ದಿನ ಸಿಕ್ಕಿಬೀಳುತ್ತದೆ. 15 ವರ್ಷ ತಪ್ಪಿಸಿಕೊಳ್ಳಬೇಕಾದ ಪ್ರಾಣಿಗೆ ಎರಡು ತಿಂಗಳ ರಜೆ ಯಾವ ಲೆಕ್ಕ.

ಬೆಲೆ ಎಂಬ ಕೊಂಡಿ

ಎರಡೂ ಕತೆ ಪಕ್ಕಪಕ್ಕ ಇಟ್ಟಾಗ ನನಗೆ ಕುತೂಹಲ ಅನ್ನಿಸಿದ್ದು ಬೆಲೆ ಕೆಲಸ ಮಾಡುವ ರೀತಿ. ಕಾಫಿ ಬೆಲೆ ಬಿದ್ದರೆ ತುಕ್ಕು ಬೆಳೆಯುತ್ತದೆ, ಯಾಕೆಂದರೆ ತೋಟದ ಆರೈಕೆ ನಿಲ್ಲುತ್ತದೆ. ರೆಕ್ಕೆಯ ಬೆಲೆ ಏರಿದರೆ ಶಾರ್ಕ್ ಸಾಯುತ್ತದೆ, ಯಾಕೆಂದರೆ ಹುಡುಕಿ ಹಿಡಿಯುವವರು ಜಾಸ್ತಿಯಾಗುತ್ತಾರೆ. ಮೀನು ಅಪರೂಪವಾದಷ್ಟೂ ಬೆಲೆ ಇನ್ನೂ ಏರುತ್ತದೆ. ಕಾಫಿಯಲ್ಲಿ ಹಾಗಲ್ಲ. ಬೆಲೆ ಚೆನ್ನಾಗಿರುವ ವರ್ಷ ಮರಗಸಿ ಅಂದರೆ ನೆರಳಿನ ಮರದ ಕೊಂಬೆ ಸವರುವುದು, ಚಿಗುರು ತೆಗೆಯುವ ಕೆಲಸ, ಎರಡು ಸುತ್ತು ಬೋರ್ಡೋ ಎಲ್ಲ ಸಮಯಕ್ಕೆ ಆಗುತ್ತದೆ. ತುಕ್ಕು ತಾನಾಗಿ ಹಿಂದೆ ಸರಿಯುತ್ತದೆ. ಹಾಗಾಗಿ ಬೆಲೆ ಬಿದ್ದ ವರ್ಷ ಬೆಳೆಗಾರನ ಕೈಗೆ ಸಿಂಪರಣೆಯ ಖರ್ಚಾದರೂ ತಲುಪಿಸುವುದು ಹೊಸ ತಳಿಯಷ್ಟೇ ಒಳ್ಳೆಯ ಮದ್ದು. ಇದನ್ನು ಸಹಾಯಧನ ಅಂತ ನೋಡುವುದಕ್ಕಿಂತ ರೋಗ ನಿಯಂತ್ರಣ ಅಂತ ನೋಡಬೇಕು. ನನ್ನ ತೋಟದ ತುಕ್ಕು ಬೇಲಿ ನೋಡಿ ನಿಲ್ಲುವುದಿಲ್ಲ.

ತುಕ್ಕನ್ನು ನಿರ್ನಾಮ ಮಾಡುವ ಮಾತಂತೂ ಬಿಡಬೇಕು. 150 ವರ್ಷದಲ್ಲಿ ಒಂದು ದೇಶವೂ ಅದನ್ನು ಕಾಯಂ ಆಗಿ ಮಾಡಿಲ್ಲ. ಬ್ರೆಜಿಲ್ 1970ರಲ್ಲಿ ಬಹಿಯಾದಲ್ಲಿ ಕಂಡ ತಕ್ಷಣ ಗಿಡ ಸುಟ್ಟು, ಖಾಲಿ ಪಟ್ಟಿ ಬಿಟ್ಟು ತಡೆಯಲು ನೋಡಿತ್ತು, ಆಗಲಿಲ್ಲ. ಬದಲಿಗೆ ಅದನ್ನು ನಿಧಾನ ಮಾಡಬಹುದು. ಒಂದೇ ತಳಿಯ ಬದಲು ಹಲವು. ಎಲೆ ಬೇಗ ಆರುವಷ್ಟು ಗಾಳಿ ಬೆಳಕು. ತುಕ್ಕನ್ನೇ ತಿನ್ನುವ ಒಂದು ಬಿಳಿ ಶಿಲೀಂಧ್ರವೂ ಇದೆ. ನೆರಳಿನ ತೋಟಗಳಲ್ಲಿ ಕೇಸರಿ ಪುಡಿಯ ಮೇಲೆ ಅದು ಬೂದಿ ಚೆಲ್ಲಿದ ಹಾಗೆ ಕಾಣುತ್ತದೆ.

ಶಾರ್ಕ್‌ಗೆ ಬೇಕಾದ್ದು ಬೇರೆಯೇ ತರಹದ ದುಡ್ಡು. ಗುಜರಾತಿನಲ್ಲಿ ಒಂದು ಒಳ್ಳೆಯ ಉದಾಹರಣೆ ಇದೆ. 2004ರಿಂದ ಅಲ್ಲಿನ ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಸೇರಿ ತಿಮಿಂಗಿಲ ಶಾರ್ಕ್ ಉಳಿಸುವ ಕೆಲಸ ಶುರು ಮಾಡಿದವು. ಬಲೆಗೆ ಬಿದ್ದದ್ದನ್ನು ಮೀನುಗಾರ ಬಲೆ ಕತ್ತರಿಸಿ ಬಿಟ್ಟರೆ ಬಲೆಯ ನಷ್ಟಕ್ಕೆ ಪರಿಹಾರ. ಹಿಂದೆ ಅದನ್ನೇ ಬೇಟೆಯಾಡುತ್ತಿದ್ದ ಊರುಗಳು ಈಗ ನೂರಾರು ಶಾರ್ಕ್‌ಗಳನ್ನು ಬಿಟ್ಟುಕೊಟ್ಟಿವೆ. ಇದನ್ನು ಹಾಗೇ ಎತ್ತಿ ಸುತ್ತಿಗೆ ತಲೆಗೆ ಹಾಕಿದರೆ ಕೆಲಸ ಮಾಡುವುದಿಲ್ಲ. ತಿಮಿಂಗಿಲ ಶಾರ್ಕ್ ಬಲೆಯಲ್ಲಿ ಬದುಕಿರುತ್ತದೆ. ಸುತ್ತಿಗೆ ತಲೆಯದ್ದು ಈಜುತ್ತಲೇ ಇರಬೇಕು, ಈಜಿದರೆ ಮಾತ್ರ ಕಿವಿರಿಗೆ ನೀರು ಹರಿಯುತ್ತದೆ. ಬಲೆಯಲ್ಲಿ ನಿಂತರೆ ಉಸಿರು ನಿಂತಂತೆ. ಬೋಟಿನ ಮೇಲೆ ಬರುವಷ್ಟರಲ್ಲಿ ಹೆಚ್ಚಿನವು ಸತ್ತಿರುತ್ತವೆ. ಸತ್ತದ್ದನ್ನು ವಾಪಸ್ ಎಸೆಯಿರಿ ಎಂದು ಹೇಳುವುದರಲ್ಲಿ ಅರ್ಥವಿಲ್ಲ.

ಹಾಗಾಗಿ ಇಲ್ಲಿ ಪರಿಹಾರ ಕೊಡಬೇಕಾದ್ದು ಬಲೆ ನೀರಿಗೆ ಬೀಳುವ ಮುಂಚೆ. ಮರಿಗಳು ಜಾಸ್ತಿ ಸಿಗುವ ತಿಂಗಳು ಯಾವುದು, ಯಾವ ನದಿಯ ಅಳಿವೆಯ ಎದುರು, ಎಷ್ಟು ಮಾರು ನೀರಿನಲ್ಲಿ ಎಂಬುದು ಯಾವ ವಿಜ್ಞಾನಿಗಿಂತ ಮೊದಲು ಬೋಟು ನಡೆಸುವ ತಾಂಡೇಲನಿಗೆ ಗೊತ್ತಿರುತ್ತದೆ. ಅಂಥ ಕೆಲವು ಜಾಗಗಳನ್ನು ಆ ಕೆಲವು ವಾರ ಟ್ರಾಲ್‌ಗೆ ಮುಚ್ಚಬೇಕು. ಬಿಟ್ಟ ಸಿಗಡಿಯ ಬೆಲೆಯನ್ನು ಬೋಟಿನವರಿಗೆ ತುಂಬಿಕೊಡಬೇಕು. ಸಾಲದ ಕಂತು ಕಟ್ಟುವವನಿಗೆ 15 ವರ್ಷ ಕಾಯಿ ಅನ್ನಲಾಗುವುದಿಲ್ಲ, ಅವನ ಲೆಕ್ಕ ತಿಂಗಳಿಗೊಮ್ಮೆ. ತೊಡಕು ಇರುವುದು ಕಡತದಲ್ಲಿ. ಕತ್ತರಿಸಿದ ಬಲೆಗೆ ಫೋಟೊ ತೆಗೆದು ಬಿಲ್ ಹಚ್ಚಬಹುದು. ಹಿಡಿಯದೆ ಬಿಟ್ಟ ಮೀನಿಗೆ ಯಾವ ರಶೀದಿ ಲಗತ್ತಿಸುವುದು?